ಉತ್ಪನ್ನದಲ್ಲಿ ಏನನ್ನು ಬಿಡಬೇಕೆಂದು ನಿರ್ಧರಿಸುವ ಕ್ರಮ

ಗ್ರಾಹಕ ತಂತ್ರಜ್ಞಾನದ ಉತ್ಪನ್ನವೊಂದನ್ನು ರೂಪಿಸುವವರು ಸೌಲಭ್ಯಗಳ ಪಟ್ಟಿಗೆ ಕೈಹಾಕುವ ಮೊದಲು, ಅದು ಯಾರ ಯಾವ ಕೆಲಸವನ್ನು ಸುಲಭಗೊಳಿಸಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಬೇಕು. ಆ ವಾಕ್ಯಕ್ಕೆ ನೆರವಾಗದ ಸೌಲಭ್ಯವನ್ನು, ಪ್ರತಿಸ್ಪರ್ಧಿಯ ಸಾಧನದಲ್ಲಿ ಇದೆ ಎಂಬ ಕಾರಣಕ್ಕಷ್ಟೇ ಸೇರಿಸಬಾರದು; ಸೇರಿಸಿದ ಪ್ರತಿಯೊಂದನ್ನೂ ಪರೀಕ್ಷಿಸುತ್ತ, ದುರಸ್ತಿ ಮಾಡುತ್ತ, ಬಳಕೆದಾರರಿಗೆ ವಿವರಿಸುತ್ತ ವರ್ಷಗಟ್ಟಲೆ ಸಾಕಬೇಕಾಗುತ್ತದೆ.

1997ರಲ್ಲಿ ಆಪಲ್‌ಗೆ ಮರಳಿದ ಸ್ಟೀವ್ ಜಾಬ್ಸ್, ಹಿಗ್ಗಿಹೋಗಿದ್ದ ಕಂಪ್ಯೂಟರ್‌ಗಳ ಸಾಲನ್ನು ಕತ್ತರಿಸಿ, ಒಂದು ಬದಿಗೆ ಸಾಮಾನ್ಯ ಗ್ರಾಹಕರು ಮತ್ತು ವೃತ್ತಿಪರರು, ಇನ್ನೊಂದು ಬದಿಗೆ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್ ಎಂಬ ನಾಲ್ಕು ಮನೆಗಳ ಚೌಕಟ್ಟಿಗೆ ಇಳಿಸಿದರು. ಆಪಲ್‌ನ ಅಂಗೈ ಕಂಪ್ಯೂಟರ್ ಆಗಿದ್ದ ನ್ಯೂಟನ್ ಸಾಧನವನ್ನು 1998ರಲ್ಲಿ ಕೈಬಿಡಲಾಯಿತು. 2007ರ ಮೊದಲ ಐಫೋನಿನಲ್ಲಿ ಪಠ್ಯವನ್ನು ನಕಲಿಸಿ ಅಂಟಿಸುವ ಸೌಲಭ್ಯವೂ ಇರಲಿಲ್ಲ. ಅದು ಬಂದದ್ದು 2009ರಲ್ಲಿ. ಇದನ್ನು ಕೊರತೆಯೆಂದು ದೂರಿದವರ ಮಾತು ಸುಳ್ಳಲ್ಲ. ಆದರೆ ಸ್ಪರ್ಶಪರದೆ ನಂಬಿಕೆಗೆ ಅರ್ಹವಾಗಿ ವರ್ತಿಸುವುದು ಅದಕ್ಕಿಂತ ಮುಖ್ಯವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ನಿರಾಕರಿಸಿದ ಪ್ರಸ್ತಾವಗಳನ್ನು ಕಾರಣಸಹಿತ ದಾಖಲಿಸಿಟ್ಟು, ಆ ಕಾರಣ ಬದಲಾದಾಗ ಮಾತ್ರ ಮರುಪರಿಶೀಲಿಸಬೇಕು. ಇರುವ ಸೌಲಭ್ಯವನ್ನು ತೆಗೆಯುವುದಾದರೆ, ಅದು ಸೇರಿಸುವುದಕ್ಕಿಂತ ಕಠಿಣವಾದ್ದರಿಂದ, ಅದನ್ನು ನೆಚ್ಚಿಕೊಂಡವರಿಗೆ ಸಾಕಷ್ಟು ಮೊದಲೇ ತಿಳಿಸಿ, ಅವರ ದತ್ತಾಂಶವನ್ನು ಬೇರೆಡೆಗೆ ಸಾಗಿಸಿಕೊಳ್ಳುವ ದಾರಿಯನ್ನೂ ಒದಗಿಸಬೇಕು.