ಬಚ್ಚಲ ಒಲೆಯ ಪಕ್ಕದಲ್ಲಿ ಪದ್ಮಿನಿ: ಕೊಡಗಿನ ಮಳೆಗಾಲ ದಾಟಿಸಿದ ನನ್ನ ಅನುಭವ

ನಾಪೋಕ್ಲು ಕಡೆಯ ಮಳೆಗೆ ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡರೆ ತಳ ಉದುರಿ ಹೋಗುತ್ತದೆ, ಜೀಪ್ ತಗೋ, ಇಲ್ಲಾಂದ್ರೆ ಜೂನ್ ಬರುವ ಮೊದಲು ಗಾಡಿ ಮೈಸೂರಿಗೆ ಕಳಿಸು ಅಂತ ನನಗೆ ಹೇಳದವರಿಲ್ಲ. ಗಾಡಿಯ ತಗಡು ಕೆಲಸ ಮಾಡುವ ಗೋಣಿಕೊಪ್ಪದ ನನ್ನ ಟಿಂಕರ್ ಕೂಡ ಅದನ್ನೇ ಹೇಳಿದ. ಈಗ ನಾಲ್ಕೈದು ಮಳೆಗಾಲ ಗಾಡಿ ನಮ್ಮ ಮನೆ ಶೆಡ್ಡಿನಲ್ಲೇ ನಿಂತು ದಾಟಿದೆ. ಈ ಸಲ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಆದ ಮೇಲೆ ಅದೇ ಟಿಂಕರನ್ನು ಕರೆಸಿ, ಕೆಳಗೆಲ್ಲ ಸ್ಕ್ರೂ ಡ್ರೈವರಿನಲ್ಲಿ ಚುಚ್ಚಿ ನೋಡು ಅಂದೆ. ಎಲ್ಲೂ ಒಳಗೆ ಹೋಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಡಿ 80ರ ದಶಕದ್ದು. ಅರವತ್ತು ಸಾವಿರದ ಆಸುಪಾಸು ಕೊಟ್ಟೆ. ದೊಡ್ಡ ದುಡ್ಡಿಲ್ಲದೆ ಹಳೇ ಕಾರಿನ ಹುಚ್ಚು ತೀರಿಸಿಕೊಳ್ಳೋಕೆ ಇದಕ್ಕಿಂತ ಒಳ್ಳೆ ಗಾಡಿ ನಮ್ಮ ದೇಶದಲ್ಲಿ ಇಲ್ಲ ಅಂತ ನಾನು ಇವತ್ತಿಗೂ ಹೇಳುತ್ತೇನೆ. 1089 ಸಿಸಿ, ಸ್ಟಿಯರಿಂಗ್ ಪಕ್ಕದ ಗೇರು, ನಾಲ್ಕೂ ಡ್ರಮ್ ಬ್ರೇಕು, ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಎಂಜಿನ್ ಸಾಮಾನು ಬೆಂಗಳೂರಿನ ಜೆ.ಸಿ. ರೋಡು, ಶಿವಾಜಿನಗರ ಸುತ್ತಿದರೆ ಈಗಲೂ ಸಿಗುತ್ತದೆ. ಎಂಜಿನ್ ಯಾವತ್ತೂ ತೊಂದರೆ ಅಲ್ಲ, ಬಾಡಿಯೇ ತೊಂದರೆ. ಜೀಪಿಗಾದರೆ ಕೆಳಗೆ ಬೇರೆ ಚಾಸಿ, ಅಂದರೆ ಕಬ್ಬಿಣದ ಚೌಕಟ್ಟು ಇದೆ, ಮೇಲಿನ ತಗಡು ಹೋದರೂ ಓಡುತ್ತದೆ. ಪದ್ಮಿನಿಗೆ ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದರೆ ಜಾಕ್ ಏರಿಸಿದಾಗ ಬಾಗಿಲು ಕೂರೋದೇ ಇಲ್ಲ.

ನಾನು ತಂದಾಗ ಎರಡೂ ಸಿಲ್, ಮುಂದಿನ ಫ್ಲೋರು, ಸ್ಟೆಪ್ನಿ ಕೂರುವ ಗುಂಡಿ, ಬಾಗಿಲುಗಳ ಕೆಳತುದಿ ಎಲ್ಲ ಹೋಗಿತ್ತು. 18 ಗೇಜ್ ತಗಡು ಹಾಕಿ ಸಿಒ2 ವೆಲ್ಡಿಂಗಿನಲ್ಲಿ ಮಾಡಿಸಿದೆ. ಗ್ಯಾಸ್ ವೆಲ್ಡಿಂಗ್ ಬೇಡ ಅಂತ ಹಟ ಹಿಡಿದೆ, ಅದರ ಬಿಸಿಗೆ ತಗಡು ಸೊಟ್ಟ ಆಗುತ್ತದೆ, ಅದನ್ನು ಮುಚ್ಚೋಕೆ ಆಮೇಲೆ ಪುಟ್ಟಿ ಮೆತ್ತುತ್ತಾರೆ. ಟಿಂಕರಿಂಗ್, ಪೇಂಟ್ ಸೇರಿ ಗಾಡಿ ಬೆಲೆಗಿಂತ ಜಾಸ್ತಿ ಹೋಯಿತು, ಎಂಬತ್ತು ಸಾವಿರದ ಹತ್ತಿರ. ಆ ಕೆಲಸ ಮತ್ತೆ ತುಕ್ಕಿಗೆ ಹೋಗದ ಹಾಗೆ ಉಳಿಸಿಕೊಳ್ಳಬೇಕಿತ್ತು, ಅಷ್ಟೇ.

ಎಲ್ಲರೂ ಮಾಡೋದನ್ನೇ ಮೊದಲು ಮಾಡಿ ನೋಡಿದೆ. ಕೆಳಗೆ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸಿದೆ, ಏಳೆಂಟು ಸಾವಿರ. ಒಂದು ಮಳೆಗಾಲ ಚೆನ್ನಾಗಿ ಕಂಡಿತು. ಮುಂದಿನ ವರ್ಷ ಒಂದು ಕಡೆ ಉಬ್ಬಿತ್ತು. ಕಿತ್ತರೆ ಒಳಗೆ ಒದ್ದೆ, ಅಂಗೈ ಅಗಲ ತುಕ್ಕು. ಆ ಕೋಟಿಂಗ್ ಎಲ್ಲೋ ಒಂದು ಕಡೆ ಬಿರುಕು ಬಿಟ್ಟರೆ ಸಾಕು, ನೀರು ಒಳಗೆ ಹೋಗುತ್ತದೆ, ಹೊರಗೆ ಬರೋದಿಲ್ಲ. ಮೂರು ಸಾವಿರ ಚಿಲ್ಲರೆಗೆ ತಂದ ವಾಟರ್‌ಪ್ರೂಫ್ ಕವರ್ ಇನ್ನೂ ಕೆಟ್ಟದ್ದು. ಜುಲೈಯಲ್ಲಿ ತೆಗೆದು ನೋಡಿದರೆ ಒಳಗೆಲ್ಲ ಬೆವರು, ಸೀಟಿನ ಮೇಲೆ ಬೂಷ್ಟು, ಕ್ರೋಮಿನ ಮೇಲೆ ಕೆಂಪು ಚುಕ್ಕಿ. ಸಿಲಿಕಾ ಜೆಲ್ ಪೊಟ್ಟಣ ಕಿಲೋಗಟ್ಟಲೆ ಇಟ್ಟೆ. ನಮ್ಮ ಕಡೆ ಮಳೆ ಲೆಕ್ಕ ಇಂಚಿನಲ್ಲಿ, ನೂರು ಇಂಚು ದಾಟೋದು ಮಾಮೂಲು. ಆ ಜೆಲ್ ವಾರದಲ್ಲೇ ನೀರು ಕುಡಿದು ಸುಮ್ನೆ ಕೂತಿತು. ಗಾಡಿ ಕೆಳಗೆ ಎರಡು 60 ವಾಟಿನ ಬಲ್ಬ್ ಉರಿಸಿದ್ದು ಮಾತ್ರ ಸ್ವಲ್ಪ ಕೆಲಸ ಮಾಡಿತು, ಆದರೆ ಆಷಾಢದ ಗಾಳಿಗೆ ಒಂದು ಮರ ಬಿದ್ದರೆ ಎಷ್ಟು ದಿನ ಕರೆಂಟ್ ಇರೋದಿಲ್ಲ ಅಂತ ಇಲ್ಲಿಯವರಿಗೆ ಹೇಳಬೇಕಾ? ಮೈಸೂರಿನಲ್ಲಿ ಶೆಡ್ ಬಾಡಿಗೆ ವಿಚಾರಿಸಿದೆ, ತಿಂಗಳಿಗೆ ಎರಡು ಸಾವಿರ ಅಂದರು. ವರ್ಷದಲ್ಲಿ ನಾಲ್ಕು ತಿಂಗಳು ಗಾಡಿ ಕಣ್ಣ ಮುಂದೆ ಇಲ್ಲದಿದ್ದರೆ ಅದನ್ನು ಇಟ್ಟುಕೊಂಡು ಏನು ಪ್ರಯೋಜನ ಅಲ್ವಾ?

ಬಲ್ಬಿನಿಂದ ಒಂದು ವಿಷಯ ಗೊತ್ತಾಯಿತು. ಬೇಕಾದ್ದು ಸ್ವಲ್ಪ ಬಿಸಿ, ಅಷ್ಟೇ, ಆದರೆ ಬಿಡದೆ ಬೇಕು. ಹೊರಗಿಗಿಂತ ಐದಾರು ಡಿಗ್ರಿ ಜಾಸ್ತಿ ಇದ್ದರೆ ಸಾಕು. ನಮ್ಮ ಹಳೇ ಮನೆಗಳಲ್ಲಿ ಅಡುಗೆ ಒಲೆ ಮೇಲಿನ ಅಟ್ಟದಲ್ಲಿ ಇಟ್ಟ ಸಾಮಾನಿಗೆ ಮಳೆಗಾಲದಲ್ಲೂ ಬೂಷ್ಟು ಬರೋದಿಲ್ಲ. ಗಾಡಿಗೂ ಅಂಥದ್ದೇ ಒಂದು ಜಾಗ ಮಾಡಿದೆ.

ನಮ್ಮ ಬಚ್ಚಲ ಹಂಡೆ ಒಲೆ ಹೇಗೂ ಬೆಳಿಗ್ಗೆ ಸಂಜೆ ಉರಿಯುತ್ತದೆ. ಶೆಡ್ಡನ್ನು ಬಚ್ಚಲಿನ ಗೋಡೆಗೆ ತಾಗಿಸಿ ಕಟ್ಟಿಸಿದೆ. ಒಲೆಯ ಹೊಗೆ ನೇರ ಮೇಲೆ ಹೋಗುವ ಬದಲು, ಗೋಡೆ ತೂತಿನಿಂದ ಕಬ್ಬಿಣದ ಪೈಪಿನಲ್ಲಿ ಶೆಡ್ಡಿನ ಒಳಗೆ ಬಂದು, ನೆಲದಿಂದ ಒಂದಡಿ ಎತ್ತರದಲ್ಲಿ ಸ್ವಲ್ಪ ಏರುತ್ತಾ ಹೋಗಿ, ಆ ಕಡೆ ಗೋಡೆ ದಾಟಿ ಹೊರಗಿನ ಚಿಮಣಿ ಸೇರುತ್ತದೆ. ಪೈಪಿನ ಸುತ್ತ ಇಟ್ಟಿಗೆ ಕಟ್ಟಿಸಿದ್ದೇನೆ, ಆ ಇಟ್ಟಿಗೆ ರಾತ್ರಿಯಿಡೀ ಬೆಚ್ಚಗಿರುತ್ತದೆ. ಮೇಲೆ ಮಾಡಿನ ಹತ್ತಿರ ಎರಡು ಕಿಂಡಿ ಯಾವಾಗಲೂ ತೆರೆದಿರಬೇಕು. ಸೌದೆಗೆ ಖರ್ಚಿಲ್ಲ, ತೋಟದಲ್ಲಿ ಕಪಾತು ಮಾಡಿದ ಕಾಫಿ ರೆಂಬೆ, ಸಿಲ್ವರ್ ಓಕ್ ಕೊಂಬೆ. ಪೈಪು, ಮೇಸ್ತ್ರಿ ಎಲ್ಲ ಸೇರಿ ಆರು ಸಾವಿರ ಆಗಿರಬಹುದು. ಕಾಫಿ ಗೋಡೌನಿಗೆ ತಂದಿದ್ದ ತೇವ ತೋರಿಸುವ ಮೀಟರ್ ಶೆಡ್ಡಿಗೆ ಹಾಕಿದೆ. ಹೊರಗೆ ತೇವ ಶೇಕಡಾ 95 ಇದ್ದ ದಿನ ಒಳಗೆ 65, 70.

ಒಳಗೆ ಪೆಟ್ರೋಲ್ ಗಾಡಿ ಇದೆ ಅನ್ನೋದು ಮರೆಯಬೇಡಿ. ಒಲೆ ಬಾಯಿ ಗೋಡೆಯ ಆ ಕಡೆ ಇರಬೇಕು, ಪೈಪು ಗಾಡಿಯ ಮೂತಿ ಕಡೆ ಇರಬೇಕು, ಟ್ಯಾಂಕಿನ ಕಡೆ ಅಲ್ಲ. ಒಂದು ಜಾಯಿಂಟಿನಿಂದಲೂ ಹೊಗೆ ಒಳಗೆ ಬರಬಾರದು, ಆ ಹೊಗೆ ಉಸಿರು ಕಟ್ಟಿಸಿ ಸಾಯಿಸುತ್ತದೆ.  ಪಂಪಿನ ಪೈಪ್ ಕಿತ್ತು, ಬಾಯಿಗೆ ಬಿರಡೆ ಹಾಕಿ, ಗಾಡಿ ಹೊರಗಿರುವಾಗಲೇ ಕಾರ್ಬುರೇಟರ್ ಖಾಲಿ ಆಗುವ ತನಕ ಎಂಜಿನ್ ಓಡಿಸಿ. ಆಮೇಲೆ ಬ್ಯಾಟರಿ ಬಿಚ್ಚಿ, ಗಾಡಿ ತಳ್ಳಿ ಒಳಗೆ ಹಾಕಿ. ಶೇಕಡಾ 20 ಎಥನಾಲ್ ಬೆರೆಸಿದ ಈಗಿನ ಇ20 ಪೆಟ್ರೋಲಿಗೆ ಇದು ಇನ್ನೂ ಮುಖ್ಯ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಸೋಲೆಕ್ಸ್ ಕಾರ್ಬುರೇಟರಿನ ಬೌಲಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಹಳೇ ರಬ್ಬರ್ ಪೈಪುಗಳನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿದೆ.

ಬಿಸಿ ಒಂದೇ ಸಾಲದು. ಬಾಗಿಲ ಕೆಳಗೆ, ಸಿಲ್ ಕೆಳಗೆ ನೀರು ಹೋಗೋಕೆ ಕಂಪನಿಯೇ ತೂತು ಕೊಟ್ಟಿರುತ್ತದೆ. ಪುಟ್ಟಿ, ಪೇಂಟ್ ಮಾಡುವವರು ಅದನ್ನು ಮುಚ್ಚಿಬಿಟ್ಟಿರುತ್ತಾರೆ. ಒಂದೊಂದನ್ನೂ ತಂತಿ ಹಾಕಿ ಬಿಡಿಸಿ. ಆಮೇಲೆ ಒಳಗಿನ ಪೊಳ್ಳಿಗೆ ಮೇಣ ಹೊಡೆಯಬೇಕು. ಅಂಗಡಿಯ ಕ್ಯಾವಿಟಿ ವ್ಯಾಕ್ಸ್ ಒಂದು ಡಬ್ಬಕ್ಕೆ ಸಾವಿರದ ಹತ್ತಿರ, ಅಂಥ ನಾಲ್ಕೈದು ಬೇಕು. ನಾನು ಜೇನುಮೇಣ, ಅಗಸೆ ಎಣ್ಣೆ, ಟರ್ಪಂಟೈನ್ ಸೇರಿಸಿ ನಾನೇ ಮಾಡಿದೆ. ಜೇನು ಸಾಕುವ ಊರಿನಲ್ಲಿ ಮೇಣಕ್ಕೇನು ಬರ? ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಬೆಂಕಿಯಿಂದ ದೂರ ತಂದು ಟರ್ಪಂಟೈನ್ ಹಾಕಿ. ಅಳತೆ ಹೇಳೋದಿಲ್ಲ. ಮೂರು ವರ್ಷ ತಗಡಿನ ತುಂಡುಗಳನ್ನು ಮಾಡಿಗೆ ನೇತು ಹಾಕಿ ಕಂಡುಕೊಂಡದ್ದು ಅದು. ಜಾಸ್ತಿ ಗಟ್ಟಿ ಆದರೆ ಬಿರುಕು ಬಿಡುತ್ತದೆ, ತೆಳುವಾದರೆ ಹರಿದು ಹೋಗುತ್ತದೆ, ನಡುವೆ ಎಲ್ಲಿ ಅಂತ ನೀವೇ ಮಾಡಿ ನೋಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ ಹೊರಗೆ ಹರಡಿ.

ಇದರ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ತೀರ್ಥಹಳ್ಳಿ ಕಡೆಯ ನೆಂಟರು ಅಡಿಕೆ ಬೇಯಿಸಿದ ಚೊಗರು ಒಂದು ಕ್ಯಾನ್ ಕೊಟ್ಟರು. ಅಂಗಡಿಯ ರಸ್ಟ್ ಕನ್ವರ್ಟರಿನಲ್ಲಿ ಟ್ಯಾನಿನ್ ಇರುತ್ತದೆ, ಚೊಗರಿನಲ್ಲೂ ಬೇಕಾದಷ್ಟಿದೆ. ಬ್ರಷ್ಷಿನಲ್ಲಿ ಉಜ್ಜಿದ ತುಕ್ಕಿನ ಮೇಲೆ ಹಚ್ಚಿದೆ. ಮಾರನೇ ದಿನ ಕಪ್ಪಗೆ ಗಟ್ಟಿಯಾಗಿತ್ತು. ಡಿಕ್ಕಿಯ ನೆಲದಲ್ಲಿ ಅರ್ಧಕ್ಕೆ ಅಂಗಡಿಯದ್ದು, ಅರ್ಧಕ್ಕೆ ಚೊಗರು ಹಚ್ಚಿ ಎರಡರ ಮೇಲೂ ಪ್ರೈಮರ್ ಹೊಡೆದೆ. ಎರಡು ಮಳೆ ಕಳೆದರೂ ವ್ಯತ್ಯಾಸ ಕಾಣಲಿಲ್ಲ. ಹಾಗೇ ಬಿಟ್ಟರೆ ಮಾತ್ರ ಜಿಗುಟು ಹೋಗೋದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ ಆಮೇಲೆ ಪ್ರೈಮರ್ ಹೊಡೆಯಿರಿ.

ಬೆಚ್ಚಗಿನ ಶೆಡ್ಡಿಗೆ ಇಲಿ ಬರುತ್ತದೆ. ಮೊದಲ ವರ್ಷ ಹೆಡ್‌ಲೈಟ್ ವೈರ್ ಪೂರ್ತಿ ಕಡಿದು, ಹಿಂದಿನ ಸೀಟಿನ ನಾರಿನಲ್ಲಿ ಮರಿ ಹಾಕಿತ್ತು. ಎಲೆಕ್ಟ್ರಿಷಿಯನ್ನಿಗೇ ನಾಲ್ಕು ಸಾವಿರ ಹೋಯಿತು. ಕಿಂಡಿಗಳಿಗೆ ಸಣ್ಣ ಕಣ್ಣಿನ ಬಲೆ ಹೊಡೆಸಿದೆ. ಎಂಜಿನ್ ಕಡೆಗೆ ಇಲಿ ಬಾರದ ಹಾಗೆ ಮಾಡಿದ್ದು ಬೇರೆ ಇದೆ, ಅದು ಗುಟ್ಟಾಗೇ ಇರಲಿ.

ಮಳೆ ಬಿಟ್ಟ ದಿನ ವಿರಾಜಪೇಟೆ ತನಕ ಓಡಿಸುತ್ತೇನೆ. ವಾಪಸ್ ಬಂದ ಕೂಡಲೇ ಒಳಗೆ ಹಾಕೋದಿಲ್ಲ. ಚಕ್ರದ ಕಮಾನುಗಳಿಗೆ ನೀರು ಹೊಡೆದು ಕೆಸರು ಇಳಿಸಿ, ಜಗಲಿ ಮುಂದೆ ನೀರು ಸೋರುವ ತನಕ ನಿಲ್ಲಿಸಿ ಆಮೇಲೆ ಒಳಗೆ. ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಹೋದಾಗಲೂ ಕಟ್ಟಿದೆ. ಗಾಡಿ ಗಟ್ಟಿ ಇದ್ದದ್ದಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಒಂದೇ ಸಲಕ್ಕೆ ಆಯಿತು.

ಈಗ ಸೋಮವಾರಪೇಟೆ ಹತ್ತಿರ ಒಂದು ಪ್ರೀಮಿಯರ್ 118ಎನ್‌ಇ ಕಾರು ನೋಡಿ ಇಟ್ಟಿದ್ದೇನೆ, ನಿಸ್ಸಾನ್ ಎಂಜಿನ್ನಿನದ್ದು. ಎಪ್ಪತ್ತು ಸಾವಿರ ಕೇಳುತ್ತಿದ್ದಾರೆ, ಐವತ್ತಕ್ಕೆ ಬಂದರೆ ತರುತ್ತೇನೆ. ಅದಕ್ಕೆ ಶೆಡ್ ಇನ್ನೂ ಹದಿನೈದು ಅಡಿ ಉದ್ದ ಮಾಡಬೇಕು. ಪೈಪು ಅಷ್ಟು ದೂರ ಹೋದರೆ ಕೊನೆಯಲ್ಲಿ ಬಿಸಿ ಸಾಲದು ಅಂತ ಮೇಸ್ತ್ರಿ ಹೇಳುತ್ತಿದ್ದಾನೆ. ಹಂಡೆ ಒಲೆ ಸ್ವಲ್ಪ ದೊಡ್ಡದು ಮಾಡಿ ನೋಡೋಣ ಅಂದಿದ್ದೇನೆ. ಕಾಫಿ ಕೊಯ್ಲು ಮುಗಿದ ಕೂಡಲೇ ಕೆಲಸ ಶುರು, ಮೇ ಒಳಗೆ ಮಾಡು ಹೊದಿಸಿ ಆಗಬೇಕು.