ನೀರೊಳಗೆ ಶಾರ್ಕ್ ಕಂಡರೆ ಬೆನ್ನು ತಿರುಗಿಸಬೇಡಿ

“ಮಾಮಾ, ಶಾರ್ಕ್ ಬಂದ್ರ ಹೆಂಗ?” ತಂಗಿಯ ಮಗ ಕೇಳಿದ್ದು ಅರಬೈಲ್ ಘಟ್ಟದ ತಿರುವಿನಲ್ಲಿ. ಹುಬ್ಬಳ್ಳಿ ಬಿಟ್ಟಾಗಿನಿಂದ ಅವನಿಗೆ ಅದೇ ಚಿಂತೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಬೇಕು, ಶಾರ್ಕ್ ಬೇಡ!

ಶಾರ್ಕ್‌ಗಳಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಮನುಷ್ಯರನ್ನು ಕಚ್ಚಿದ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕೇಳಿಬರುವುದು ಮೂರೇ ಹೆಸರು: ಗ್ರೇಟ್ ವೈಟ್, ಟೈಗರ್, ಬುಲ್. 2023ರಲ್ಲಿ ಕೆಣಕದೆಯೂ ಕಚ್ಚಿದ ದಾಖಲೆ ಇಡೀ ಜಗತ್ತಿಗೆ 69. ಕಾರವಾರದ ಕೊಂಕಣಿಗರು ಶಾರ್ಕನ್ನು ‘ಮೋರಿ’ ಎಂದು ಕರೆದು ಸಾರು ಮಾಡಿ ಉಣ್ಣುತ್ತಾರೆ. ಬಚ್ಚಲ ಮೋರಿಯಷ್ಟೇ ಗೊತ್ತಿರುವ ನಮಗೆ ಕೇಳಲು ವಿಚಿತ್ರ.

ನೀರಿಗಿಳಿಯುವ ಮುಂಚೆ

ಬೆಳ್ಳಿ ಚೈನು, ಕಾಲ್ಗೆಜ್ಜೆ, ಹೊಳೆಯುವ ವಾಚು ತೆಗೆದಿಡಿ. ಬಿಸಿಲಿಗೆ ಅವು ಮೀನಿನ ಹುರುಪೆಯಂತೆ ಮಿನುಗುತ್ತವೆ. ಗಾಯದಿಂದ ರಕ್ತ ಒಸರುತ್ತಿದ್ದರೆ ಆ ದಿನ ದಡವೇ ಲೇಸು. ನಸುಕು, ಮುಸ್ಸಂಜೆ ಬೇಡ, ಅದು ಅವುಗಳ ಬೇಟೆಯ ಹೊತ್ತು. ಕಾಳಿ, ಶರಾವತಿ ನದಿಗಳು ಸಮುದ್ರ ಸೇರುವ ಕದಡಿದ ನೀರೂ ಬೇಡ. ಬುಲ್ ಶಾರ್ಕ್ ಸಿಹಿನೀರಿಗೂ ನುಗ್ಗಬಲ್ಲದು. ಬಲೆ ಎಳೆಯುವ ಜಾಗ, ಹಕ್ಕಿಗಳು ಮುಗಿಬಿದ್ದು ಮೀನು ಹೆಕ್ಕುವ ಜಾಗದಿಂದಲೂ ದೂರವಿರಿ.

ನೀರಿನಲ್ಲಿ

ಗುಂಪು ಬಿಟ್ಟು ಹೋಗಬೇಡಿ. ನಾವು ಬಾವಿಯಲ್ಲಿ ಈಜು ಕಲಿತವರು, ಧುಮುಕುವುದು, ಕೈಕಾಲು ಬಡಿಯುವುದು ನಮ್ಮ ರೂಢಿ. ಗಾಯಗೊಂಡ ಮೀನು ಒದ್ದಾಡುವುದೂ ಶಾರ್ಕಿಗೆ ಹೀಗೇ ಕೇಳಿಸುತ್ತದೆ.

ಎದುರಾದರೆ ಕೂಗಾಡಬೇಡಿ. ಅದರ ಮೇಲೆ ಕಣ್ಣಿಟ್ಟು, ಅದು ಸುತ್ತಿದತ್ತ ನೀವೂ ತಿರುಗಿ. ಬೆನ್ನಿಗೆ ಬಂಡೆಯಿದ್ದರೆ ಅನುಕೂಲ. ನಿಧಾನವಾಗಿ ಹಿಂದೆ ಸರಿಯುತ್ತ ದೋಣಿ ಸೇರಿ. ಹತ್ತಿರ ಬಂದೇಬಿಟ್ಟರೆ ಕ್ಯಾಮೆರಾ, ಕಾಲಿನ ಫಿನ್, ಕೈಗೆ ಸಿಕ್ಕಿದ್ದನ್ನು ನಡುವೆ ಹಿಡಿಯಿರಿ. ಕಚ್ಚಲು ಬಂದರೆ ಸುಮ್ಮನಿರಬೇಡಿ: ಕಣ್ಣು, ಕಿವಿರುಗಳಿಗೆ ಬಲವಾಗಿ ಹೊಡೆಯಿರಿ. ಮೂತಿಗೂ ಗುದ್ದಬಹುದು, ಆದರೆ ಅದರ ಕೆಳಗೇ ಹಲ್ಲುಗಳಿವೆ!

ಚುಕ್ಕೆ ಚುಕ್ಕೆಯ ಬೃಹತ್ ಮೀನು ಕಂಡರೆ ಅದೃಷ್ಟವೆನ್ನಿ. ಅದು ತಿಮಿಂಗಿಲ ಶಾರ್ಕ್, ನೀರು ಸೋಸಿ ಸಣ್ಣ ಜೀವಿಗಳನ್ನು ತಿನ್ನುವ ಸಾಧು. 2001ರಿಂದ ಭಾರತದಲ್ಲಿ ಅದಕ್ಕೆ ಕಾನೂನಿನ ರಕ್ಷಣೆಯಿದೆ. ಮುಟ್ಟಬೇಡಿ, ಬಾಲದ ಬೀಸಿಗೆ ಸಿಗಬೇಡಿ.

ಕಚ್ಚಿಬಿಟ್ಟರೆ

ಮೊದಲು ನೀರಿನಿಂದ ಎತ್ತಿ. ಗಾಯದ ಮೇಲೇ ಬಟ್ಟೆಯಿಟ್ಟು ಬಲವಾಗಿ ಒತ್ತಿ, ಹೇಗಿದೆಯೆಂದು ಪದೇ ಪದೇ ತೆಗೆದು ನೋಡಬೇಡಿ. ಕೈಯಲ್ಲೋ ಕಾಲಲ್ಲೋ ರಕ್ತ ನಿಲ್ಲದಿದ್ದರೆ ಗಾಯದಿಂದ ನಾಲ್ಕು ಬೆರಳು ಮೇಲೆ ಅಗಲದ ಪಟ್ಟಿ ಬಿಗಿದು ಕಟ್ಟಿ, ಕಟ್ಟಿದ ಹೊತ್ತು ಬರೆದಿಡಿ. ಮೈ ಬೆಚ್ಚಗೆ ಹೊದಿಸಿ, 108ಕ್ಕೆ ಕರೆ ಮಾಡಿ.

ನನ್ನ ಭಯ ಮಾತ್ರ ಶಾರ್ಕಿನದಲ್ಲ, ನೀರಿನ ಸೆಳೆತದ್ದು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ದಡದಲ್ಲೇ ಪ್ರವಾಸಕ್ಕೆ ಬಂದಿದ್ದ 4 ವಿದ್ಯಾರ್ಥಿನಿಯರು ನೀರುಪಾಲಾದರು. ಸೆಳೆತಕ್ಕೆ ಸಿಕ್ಕರೆ ದಡದತ್ತ ನೇರ ಈಜಿ ಸುಸ್ತಾಗಬೇಡಿ. ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಸೆಳೆತ ಸಡಿಲಾದ ಮೇಲೆ ತಿರುಗಿ. ಆಗದಿದ್ದರೆ ತೇಲುತ್ತ ಕೈ ಎತ್ತಿ. ಕೆಂಪು ಬಾವುಟವಿದ್ದರೆ ಇಳಿಯಲೇಬೇಡಿ.

ದೋಣಿ ಹತ್ತುವ ಮುಂಚೆ ಗಿರ್ಮಿಟ್, ಮಿರ್ಚಿ ಬೇಡ. ನಮ್ಮ ಹುಡುಗನಿಗೆ ಶಾರ್ಕ್ ಕಾಣಲಿಲ್ಲ. ದೋಣಿಯ ಅಂಚು ಹಿಡಿದು ತಿಂದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದ, ಆಮೇಲೆ ಅಲ್ಲಿ ನೆರೆದದ್ದು ಬೆರಳುದ್ದದ ಪಟ್ಟೆ ಮೀನುಗಳು.