ಜೆರಾಕ್ಸ್ ಮಷಿನ್‌ನ 141ರ ಗುಟ್ಟು

ನನ್ನದು ಜೆರಾಕ್ಸ್ ಅಂಗಡಿ. ಅನುಪಾತದ ಲೆಕ್ಕ ಶಾಲೆಯಲ್ಲಿ ಕಲಿತಿದ್ದೆ. ಅದು ಅರ್ಥವಾಗಿದ್ದು ಮಾತ್ರ ಮಷಿನ್ ಮುಂದೆ ನಿಂತಾಗ.

"ಇದನ್ನ ಡಬಲ್ ಮಾಡಿ ಕೊಡಿ" ಎನ್ನುತ್ತಾರೆ ಗಿರಾಕಿಗಳು. ಎ4 ಹಾಳೆಯಲ್ಲಿ ಇರುವುದನ್ನು ಎ3ಗೆ ಏರಿಸಬೇಕು. ಎರಡು ಎ4 ಜೋಡಿಸಿದರೆ ಒಂದು ಎ3. ಆದರೂ ಮಷಿನ್‌ನಲ್ಲಿ ನಾವು ಒತ್ತುವುದು 200% ಅಲ್ಲ, 141%. ಯಾಕೆ ಅಂತ ತಿಳಿಯಲು ಸ್ಕೇಲ್ ಹಿಡಿದು ಅಳೆದೆ. ಎ4 ಅಂದರೆ 210 × 297 ಮಿಲಿಮೀಟರ್. ಎ3 ಅಂದರೆ 297 × 420. ಚಿಕ್ಕ ಹಾಳೆಯ ಉದ್ದವೇ ದೊಡ್ಡದರ ಅಗಲ. 210ಕ್ಕೆ 297 ಹೇಗೋ, 297ಕ್ಕೆ 420 ಹಾಗೆ. ಸಮಾನುಪಾತ ಅಂದರೆ ಇಷ್ಟೇ. 210 × 420 ಮಾಡಿದರೆ 88,200. 297 × 297 ಮಾಡಿದರೆ 88,209. ಆ ಒಂಬತ್ತು ಜಾಸ್ತಿ ಬಂದಿದ್ದು ಪೂರ್ತಿ ಮಿಲಿಮೀಟರ್‌ಗೆ ಸರಿಮಾಡಿದ್ದರಿಂದ. ಹಾಗಾಗಿ 297 ಅನ್ನುವುದು 210 ಮತ್ತು 420ರ ಗುಣೋತ್ತರ ಮಾಧ್ಯ, ಅಂದರೆ ಆ ಎರಡರ ಗುಣಲಬ್ಧದ ವರ್ಗಮೂಲ.

ಹಾಳೆಯನ್ನು ಅರ್ಧಕ್ಕೆ ಮಡಚಿದರೂ ಆಕಾರ ಬದಲಾಗಬಾರದು. ಅದಕ್ಕೆ ಉದ್ದವು ಅಗಲದ 1.414 ಪಟ್ಟು ಇರಲೇಬೇಕು, ಅಂದರೆ 2ರ ವರ್ಗಮೂಲ. ಜರ್ಮನಿಯ ವಿಜ್ಞಾನಿ ಲಿಖ್ಟನ್‌ಬರ್ಗ್ 1786ರಲ್ಲೇ ಒಂದು ಪತ್ರದಲ್ಲಿ ಇದನ್ನು ಬರೆದಿದ್ದ. ಅಲ್ಲಿ ಇದು ಕಾಗದದ ಅಳತೆಯಾಗಿ ಜಾರಿಗೆ ಬಂದದ್ದು 1922ರಲ್ಲಿ. ಅಗಲ 1.41 ಪಟ್ಟು, ಉದ್ದ 1.41 ಪಟ್ಟು ಆದಾಗ ವಿಸ್ತೀರ್ಣ ಎರಡು ಪಟ್ಟು. 200 ಒತ್ತಿದರೆ ನಾಲ್ಕು ಪಟ್ಟು, ಎ3 ಸಾಲುವುದಿಲ್ಲ.

ನನಗೆ ಮಜಾ ಅನ್ನಿಸಿದ್ದು ಬಿ4. ಇದು ಎ4 ಮತ್ತು ಎ3ರ ನಡುವಿನ ಸೈಜು. ಅಂತರರಾಷ್ಟ್ರೀಯ ಬಿ4 ಅಗಲ 250, ಅದು 210 ಮತ್ತು 297ರ ಗುಣೋತ್ತರ ಮಾಧ್ಯ. ಹಾಗಾಗಿ ಎ4ನಿಂದ ಬಿ4ಗೆ 119%, ಬಿ4ನಿಂದ ಎ3ಗೂ 119%. ಎರಡು ಮೆಟ್ಟಿಲೂ ಸಮ. ಆದರೆ ಎಷ್ಟೋ ಮಷಿನ್‌ಗಳಲ್ಲಿ ಕಾಣುವುದು 122 ಮತ್ತು 115. ಅದು ಜಪಾನಿನ ಬಿ4, ಅಗಲ 257. ಅವರು ವಿಸ್ತೀರ್ಣದ ಮಾಮೂಲಿ ಸರಾಸರಿ ಹಿಡಿದಿದ್ದಾರೆ: 1 ಮತ್ತು 2ರ ನಡುವೆ 1.5. ಅದರ ವರ್ಗಮೂಲ 1.22. ಹಾಗಾಗಿ ಮೊದಲ ಮೆಟ್ಟಿಲು ಎತ್ತರ, ಎರಡನೆಯದು ಗಿಡ್ಡ. ಗುಣಿಸುತ್ತಾ ಹೋಗುವ ಕಡೆ ಕೂಡಿಸಿ ಭಾಗಿಸುವ ಸರಾಸರಿ ಹಾಕಿದರೆ ಹೀಗೇ ಆಗುತ್ತದೆ. ಮೇಷ್ಟ್ರು ಬೋರ್ಡ್ ತುಂಬ ಬರೆದರೂ ಹತ್ತದ ವ್ಯತ್ಯಾಸ ಈ ಎರಡು ಬಟನ್‌ಗಳಲ್ಲಿ ತಲೆಗೆ ಹತ್ತಿತು.

ಈ ಸರಪಳಿಗೆ ಸೇರದ್ದು ಲೀಗಲ್ ಹಾಳೆ. 216 × 356, ಉದ್ದ ಅಗಲದ 1.65 ಪಟ್ಟು. ಅಫಿಡವಿಟ್ ತಂದು "ಎ4ಗೆ ಕೂರಿಸಿ" ಎಂದರೆ ಅಗಲಕ್ಕೆ 97% ಸಾಕು, ಉದ್ದಕ್ಕೆ 83% ಬೇಕು. ನಾನು 83 ಒತ್ತುತ್ತೇನೆ. ಪಕ್ಕದಲ್ಲಿ ಖಾಲಿ ಜಾಗ ಬರುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ.